ಸದ್ದಡಗಿಸುವ ಹೆಡ್‌ಫೋನು

ಮೂರನೆಯದನ್ನೂ ಅವನು ಕಿವಿಗೇರಿಸಿ, ಮರುಕ್ಷಣವೇ ತೆಗೆದು ಗಾಜಿನ ಮೇಲಿಟ್ಟ. "ಇದಕ್ಕಿಂತ ದೊಡ್ಡದು ತೋರಿಸಿ. ಕಿವಿ ಪೂರ್ತಿ ಮುಚ್ಚಬೇಕು. ರೇಟು ಮಾತ್ರ ಜಾಸ್ತಿ ಆಗ್ಬಾರ್ದು."

ಅಂಗಡಿಯ ಹುಡುಗಿ ಇನ್ನೆರಡು ಡಬ್ಬಿ ಬಿಚ್ಚಿದಳು. "ಇದು ಫ್ಯಾನು, ಬಸ್ಸು, ಮಿಕ್ಸಿ ಸದ್ದೆಲ್ಲ ತಡೆಯುತ್ತೆ ಸಾರ್. ಪಕ್ಕದಲ್ಲಿ ಯಾರಾದ್ರೂ ಮಾತಾಡಿದ್ರೆ ಮಾತ್ರ ಕೇಳ್ಸುತ್ತೆ. ಆ ಇನ್ನೊಂದ್ರಲ್ಲಿ ಮಾತೂ ಕೇಳ್ಸಲ್ಲ. ಹಾಡು ಅಷ್ಟು ಚೆನ್ನಾಗಿ ಬರಲ್ಲ, ಅದಕ್ಕೇ ಅಗ್ಗ."

"ಮಾತು ಕೇಳ್ಸದೇ ಇರೋದನ್ನೇ ಕೊಡಿ. ಹಾಡು ಯಾರಿಗೆ ಬೇಕು?"

ಹಿಂದೆ ನಿಂತಿದ್ದ ಹೆಂಡತಿಗೆ ಆ ಮಾತು ಚುಚ್ಚಿತು. ಅಷ್ಟು ಹೊತ್ತೂ ಅವನ ಕಣ್ಣು ಆ ಹುಡುಗಿಯ ಬಾಯಿಯ ಮೇಲೇ ನೆಟ್ಟಿದ್ದುದನ್ನು ಅವಳು ಗಮನಿಸಿದ್ದಳು. ಹುಡುಗಿಗೂ ಮುಜುಗರವಾಗಿತ್ತೇನೋ, ತಲೆ ತಗ್ಗಿಸಿ ಫೋನಿನಲ್ಲಿ ಹಾಡು ಹುಡುಕತೊಡಗಿದಳು.

"ಚೆನ್ನಾಗಿದೆ" ಎಂದ ಅವನು, ಹೊಸದನ್ನು ತಲೆಗೇರಿಸಿಕೊಂಡು.

ಹುಡುಗಿ ಮುಖವೆತ್ತಿ ನಕ್ಕಳು. "ಇನ್ನೂ ಹಾಡೇ ಹಾಕಿಲ್ಲ ಸಾರ್."

"ಅದಕ್ಕೇ ಚೆನ್ನಾಗಿದೆ ಅಂದಿದ್ದು."

ದಾರಿಯುದ್ದಕ್ಕೂ ಅವನು ತುಟಿ ಬಿಚ್ಚಲಿಲ್ಲ. ಅವಳೂ ಮಾತಾಡಿಸುವ ಗೋಜಿಗೆ ಹೋಗಲಿಲ್ಲ. ಗೋಡೆಗೆ ಹೇಳುವುದೂ ಒಂದೇ, ಗಂಡನಿಗೆ ಹೇಳುವುದೂ ಒಂದೇ ಎಂಬುದು ಅವಳಿಗೆ ಕಳೆದ ಬೇಸಿಗೆಯಲ್ಲೇ ಮನವರಿಕೆಯಾಗಿತ್ತು.

ಮೊದಲು ಹೀಗಿರಲಿಲ್ಲ. ತಗಡಿಗೆ ಅಚ್ಚೊತ್ತುವ ಕಾರ್ಖಾನೆಯಲ್ಲಿ ಮೆಷಿನ್ ನೋಡಿಕೊಳ್ಳುವವನು, ದಿನವಿಡೀ ಸದ್ದಿನಲ್ಲಿ ಬೆಂದು ಬಂದರೂ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಹರಟೆ ಹೊಡೆಯುತ್ತಿದ್ದ. ಆಮೇಲೆ ಏನಾಯಿತೋ. ಕರೆದರೆ ಓಗೊಡುತ್ತಿರಲಿಲ್ಲ. ಮಾತಾಡಿದರೆ ದನಿ ಏರಿಸಿಯೇ ಮಾತು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ, "ಮೆಸೇಜ್ ಹಾಕು" ಎಂದು ಗದರುತ್ತಿದ್ದ. ಅವಳು ಏನಾದರೂ ಹೇಳಿದರೆ ಕಣ್ಣು ಮಿಟುಕಿಸದೆ ಅವಳ ಮುಖವನ್ನೇ ದಿಟ್ಟಿಸುತ್ತಿದ್ದ, ಸುಳ್ಳು ಹಿಡಿಯಲು ಕೂತ ಪೊಲೀಸಿನವನ ಹಾಗೆ. ಒಂದು ದಿನ ತನ್ನ ಕುರ್ಚಿಯ ಎದುರಿನ ಗೋಡೆಗೆ ಕನ್ನಡಿ ತೂಗುಹಾಕಿದ. ಯಾಕೆಂದು ಕೇಳಿದ್ದಕ್ಕೆ, "ಹಿಂದೆ ಯಾರು ಬಂದ್ರು ಅಂತ ಗೊತ್ತಾಗ್ಬೇಕಲ್ಲ" ಎಂದ.

ಆಗಲೇ ಅವಳು ಅಕ್ಕನಿಗೆ ಫೋನ್ ಮಾಡಿದ್ದು. ಅಕ್ಕ ತನ್ನೂರಿನ ದವಾಖಾನೆಯೊಂದರಲ್ಲಿ ಅವಳಿಗೆ ಕೆಲಸ ಗೊತ್ತುಮಾಡಿದ್ದಳು. ಗಂಡನಿಗೆ ಸುಳಿವು ಸಿಗದ ಹಾಗೆ ಹೊರಡುವುದೊಂದೇ ಬಾಕಿ.

ಹೆಡ್‌ಫೋನು ಬಂದ ಮೇಲೆ ಅವಳಿಗೆ ಒಂದು ಕಡೆ ಅನುಕೂಲವೇ ಆಯಿತು. ಎದ್ದಾಗಿನಿಂದ ಮಲಗುವವರೆಗೂ ಅದು ಅವನ ತಲೆಯ ಮೇಲೇ ಇರುತ್ತಿತ್ತು. ಪಕ್ಕದ ಕೋಣೆಯಲ್ಲಿ ನಿಂತು ಅವಳು ಅಕ್ಕನ ಜೊತೆ ಯಾವ ಬಸ್ಸು, ಯಾವ ಬಟ್ಟೆ ಎಂದೆಲ್ಲ ಮಾತಾಡಿಕೊಂಡಳು. ಆದರೂ ಅನುಮಾನ ಕಾಡುತ್ತಲೇ ಇತ್ತು. ಒಂದು ಬೆಳಿಗ್ಗೆ ಕನ್ನಡಿಗೆ ಬೀಳದ ಮೂಲೆಯಲ್ಲಿ ನಿಂತು, ಅವನ ಬೆನ್ನಿಗೆ ಹೇಳಿಯೇಬಿಟ್ಟಳು: "ರೀ, ನಾನು ಅಕ್ಕನ ಮನೆಗೆ ಹೋಗ್ತಿದ್ದೀನಿ. ಮತ್ತೆ ಬರಲ್ಲ."

ಅವನು ಪತ್ರಿಕೆಯ ಹಾಳೆ ತಿರುವಿ ಸಣ್ಣಗೆ ನಕ್ಕ.

ಆ ನಗು ಅವಳನ್ನು ಬಿಡಲಿಲ್ಲ. ಹೊರಡಬೇಕೆಂದುಕೊಂಡ ಭಾನುವಾರ ಅವನು ಸ್ನಾನಕ್ಕೆ ಹೋದಾಗ ಹೆಡ್‌ಫೋನು ಮೇಜಿನ ಮೇಲಿತ್ತು. ಎತ್ತಿ ತನ್ನ ಕಿವಿಗೆ ಹಾಕಿಕೊಂಡಳು. ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ಬೀದಿಯ ಸ್ಕೂಟರು ಕೇಳಿಸಿತು. ಪಕ್ಕದ ಮನೆಯಾಕೆ ಯಾರನ್ನೋ ಬೈಯುತ್ತಿದ್ದುದೂ ಕೇಳಿಸಿತು, ತುಸು ಮಂದವಾಗಿ, ಆದರೆ ಒಂದಕ್ಷರವೂ ಬಿಡದಂತೆ. ಕಿವಿಯಿಂದ ತೆಗೆದು ಗುಂಡಿ ಒತ್ತಿದಳು. ದೀಪ ಹತ್ತಲಿಲ್ಲ. ತಿರುಗಿಸಿ ನೋಡಿದರೆ, ಚಾರ್ಜರ್ ಚುಚ್ಚುವ ಜಾಗಕ್ಕೆ ಅಂಗಡಿಯಲ್ಲಿ ಅಂಟಿಸಿದ್ದ ಪ್ಲಾಸ್ಟಿಕ್ಕು ಇನ್ನೂ ಹಾಗೇ ಇತ್ತು.

ಒಂದು ದಿನವೂ ಅದು ಚಾಲೂ ಆಗಿರಲಿಲ್ಲ.

ಅಂದರೆ ಇಷ್ಟು ದಿನವೂ ಅವನು ಕೇಳಿಸಿಕೊಳ್ಳುತ್ತ ಕೂತಿದ್ದ. ಬಸ್ಸು, ಬಟ್ಟೆ, ಅಕ್ಕ, ಕೆಲಸ, ಎಲ್ಲ ಗೊತ್ತಿದ್ದೂ ಬೆಕ್ಕಿನ ಹಾಗೆ ಸುಮ್ಮನಿದ್ದ. ಯಾವ ಗಳಿಗೆಗೆ ಕಾಯುತ್ತಿದ್ದಾನೆ?

ಬಚ್ಚಲ ಬಾಗಿಲು ತೆರೆಯಿತು. ಅವನು ಅವಳತ್ತ ನೋಡದೆ ನೇರ ಕಿಟಕಿಯ ಬಳಿ ಹೋಗಿ, ಬೆನ್ನು ತಿರುಗಿಸಿ ನಿಂತು ತಲೆ ಒರೆಸಿಕೊಳ್ಳತೊಡಗಿದ.

"ನಿಮಗೆ ಎಲ್ಲಾ ಗೊತ್ತಿತ್ತು, ಅಲ್ವಾ?" ಅವಳು ಅವನ ಬೆನ್ನಿಗೇ ಕೇಳಿದಳು. "ಈಗ ನನ್ನ ಏನು ಮಾಡ್ಬೇಕು ಅಂತಿದ್ದೀರಾ?"

ಟವೆಲ್ಲು ನಿಧಾನವಾಗಿ ಆಡುತ್ತಲೇ ಇತ್ತು.

ಅವಳು ಬಾಗಿಲ ಕಡೆ ಹಿಂದೆ ಹಿಂದೆ ಸರಿದಳು. ಮೊಣಕೈ ಕಪಾಟಿಗೆ ತಗುಲಿ, ಸ್ಟೀಲಿನ ತಟ್ಟೆಗಳ ಅಟ್ಟಿಯೇ ಕಲ್ಲಿನ ನೆಲಕ್ಕೆ ಬಿತ್ತು. ಹೊರಗೆ ನಾಯಿ ಬೊಗಳಿತು. "ಏನಾಯ್ತ್ರೀ ಅಲ್ಲಿ?" ಎಂದು ಪಕ್ಕದ ಮನೆಯಾಕೆ ಕೂಗಿದಳು. ಒಂದು ತಟ್ಟೆ ಗರಗರನೆ ಸುತ್ತುತ್ತ ಹೋಗಿ ಅವನ ಹಿಮ್ಮಡಿಯ ಬಳಿ ಮಗುಚಿಕೊಂಡಿತು.

ಅವನು ಒಂದು ಚೂರೂ ಬೆಚ್ಚಲಿಲ್ಲ. ಬರಿಗಿವಿಯಲ್ಲಿ ನಿಂತು, ಹೊರಗೆ ನೋಡುತ್ತ ತಲೆ ಒರೆಸಿಕೊಳ್ಳುತ್ತಲೇ ಇದ್ದ.

ಟವೆಲ್ಲು ಹೆಗಲಿಗೆ ಹಾಕಿಕೊಂಡು ತಿರುಗಿದಾಗಲೇ ಅವನಿಗೆ ನೆಲದ ತುಂಬ ಬಿದ್ದ ತಟ್ಟೆಗಳು ಕಂಡವು. ಆಮೇಲೆ ಅವಳ ಕೈಯಲ್ಲಿದ್ದ ಹೆಡ್‌ಫೋನು. ಕುರ್ಚಿ ಹಿಡಿದು ಮೆಲ್ಲಗೆ ಕೂತ.

"ಕಾರ್ಖಾನೇಲಿ ಗೊತ್ತಾದ್ರೆ ಮೆಷಿನ್ ಮುಟ್ಟೋಕೆ ಬಿಡಲ್ಲ," ಎಂದ, ತನ್ನ ದನಿ ಎಷ್ಟು ಜೋರಾಗಿದೆ ಎಂಬ ಅಂದಾಜೇ ಇಲ್ಲದೆ. "ಆಗ ನೀನೂ ಹೊರಟುಹೋಗ್ತೀಯೇನೋ ಅಂತ ಹೆದರಿದ್ದೆ. ಏನೋ ಹೇಳಿರ್ತೀಯ, ಇನ್ನೊಂದ್ಸಲ ಹೇಳು. ನಿಧಾನಕ್ಕೆ ಹೇಳು, ತುಟಿ ಕಾಣ್ಲಿ."