ಮಂಜು ಸೀಳಿದ ಹಾರ್ನ್

ಗಾಳಿಯಲ್ಲಿನ ರೇಡಿಯೋ ತರಂಗಗಳು ಸತ್ತ ಮೇಲೆ ಮೊಬೈಲುಗಳು ಬರೀ ಬ್ಯಾಟರಿ ದೀಪಗಳಾಗಿದ್ದವು. ಮಾತು ಹೊಳೆ ದಾಟಬೇಕಾದರೆ ಆ ದೀಪವನ್ನು ಗಿಡ್ಡಕ್ಕೆ, ಉದ್ದಕ್ಕೆ ಮಿನುಗಿಸಿ ಅಕ್ಷರ ಕೂಡಿಸಬೇಕು. ಹಿಂದಿನ ತಂತಿ ಆಫೀಸಿನವರ ಆ ಭಾಷೆ ಈಗ ಮನೆಮನೆಯವರಿಗೂ ಬರುತ್ತಿತ್ತು.

ಆ ಬೆಳಿಗ್ಗೆ ಕಬ್ಬಿನ ಗದ್ದೆಯಲ್ಲಿ ಯಮನಪ್ಪನಿಗೆ ಹಾವು ಕಚ್ಚಿತು. ಔಷಧಿ ಇದ್ದದ್ದು ಆಚೆ ದಡದ ಆಸ್ಪತ್ರೆಯಲ್ಲಿ, ದೋಣಿ ಇದ್ದದ್ದೂ ಅಲ್ಲೇ. ಹೆಂಡತಿ ನೀಲವ್ವ ಅವನನ್ನು ಟ್ರ್ಯಾಕ್ಟರಿನಲ್ಲಿ ಹೊಳೆದಂಡೆಗೆ ತಂದು ಮೊಬೈಲು ಮಿನುಗಿಸಿದಳು. ದಟ್ಟ ಮಂಜು ಬೆಳಕನ್ನು ಅಲ್ಲೇ ನುಂಗಿತು.

“ಮಂಜು ಕರಗೂತನಕ ಕಾಯೂಣೇನವಾ?” ಎಂದಳು ಅತ್ತೆ, ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು.

“ವಿಷ ಕಾಯ್ತದೇನ್ರಿ ಅತ್ತಿ?” ಎನ್ನುತ್ತಲೇ ನೀಲವ್ವ ಟ್ರ್ಯಾಕ್ಟರ್ ಏರಿ ಹಾರ್ನ್ ಒತ್ತಿದಳು. ಬೆಳಕಿನ ಅಕ್ಷರಗಳನ್ನೇ ಸದ್ದಿನಲ್ಲಿ ಕೂಡಿಸಿದಳು: ‘ಹಾವು. ದೋಣಿ ತರ್ರಿ.’ ಉತ್ತರ ಬರಲಿಲ್ಲ. ಮತ್ತೆ ಮತ್ತೆ ಒತ್ತಿದಳು. ಹೆಬ್ಬೆರಳು ಮರಗಟ್ಟಿದಾಗ ಅಂಗೈಯಿಂದ ಒತ್ತಿದಳು.

ಕಡೆಗೆ ಆಚೆಯಿಂದ ಆಂಬುಲೆನ್ಸಿನ ಸೈರನ್ ತಡೆತಡೆದು ಕೂಗಿತು. ಅತ್ತೆ ಅಕ್ಷರ ಕೂಡಿಸಿ ಓದಿದಳು: “ಬರಾಕತ್ತೇವಿ. ದಡ ಕಾಣವಲ್ದು. ಹಾರ್ನ್ ನಿಲ್ಲಿಸಬ್ಯಾಡ್ರಿ.”

ಗಂಡನ ಪಕ್ಕ ಕೂರಲು ಜೀವ ಚಡಪಡಿಸಿದರೂ ನೀಲವ್ವ ಸೀಟು ಬಿಡಲಿಲ್ಲ. “ಕಣ್ಣ ಮುಚ್ಚಬ್ಯಾಡ್ರಿ, ನನ್ನ ಹಾರ್ನ್ ಕೇಳ್ರಿ!” ಎಂದು ಅಲ್ಲಿಂದಲೇ ಕೂಗಿದಳು.

ಆ ಸದ್ದಿನ ಜಾಡು ಹಿಡಿದು ದೋಣಿ ಬಂದು ಮರಳಿಗೆ ತಾಗಿತು. ನರ್ಸ್ ಓಡಿ ಬಂದು ಔಷಧಿ ಏರಿಸತೊಡಗಿದಳು. ಎಷ್ಟೋ ಹೊತ್ತಿನ ಮೇಲೆ ಯಮನಪ್ಪನ ತುಟಿ ಅಲುಗಿತು.

“ಇನ್ನರ ಸಾಕ ಮಾಡ ನೀಲಾ... ಕಿವಿ ಹರದೂ.”

ಆಗಲೇ ಅವಳ ಕೈ ಹಾರ್ನ್ ಬಿಟ್ಟದ್ದು.