ಬರಿಗಾಲಿನ ಪಾಠ

"ಎಲ್ರೂ ಶೂ ಬಿಚ್ಚಿ ಪಕ್ಕಕ್ಕಿಡಿ ಮಕ್ಕಳೇ. ಇವತ್ತು ಭೂಮಿತಾಯಿನ ಬರಿಗಾಲಲ್ಲಿ ಮಾತಾಡಿಸೋಣ," ಎಂದರು ವಿಮಲಾ. ಶಾಲೆಗಳ ಕೈತೋಟಕ್ಕೆ, ಬಯಲು ಪಾಠಕ್ಕೆ ಅಂತ ಹಣ ಕೊಡುವ ಜಯನಗರದ ಒಂದು ಟ್ರಸ್ಟಿನಿಂದ ಬಂದವರು ಅವರು. ಐದನೇ ಕ್ಲಾಸಿನ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ತಮ್ಮ ಟೀಚರ್ ಮೈತ್ರಿಯ ಮುಖ ನೋಡಿದರು.

ಸುಬ್ರಹ್ಮಣ್ಯಪುರದ ಆ ಸರಕಾರಿ ಶಾಲೆಯ ಹಿಂದೆ ಒಂದಿಷ್ಟು ಖಾಲಿ ಜಾಗವಿತ್ತು. ಹೊಂಗೆ, ನೇರಳೆ, ಮೂಲೆಯಲ್ಲೊಂದು ಹುತ್ತ. ಸುತ್ತೆಲ್ಲ ಮನೆಗಳು ಏಳುತ್ತಿದ್ದ ಕಾಲ. ಬೇಲಿಯಿಲ್ಲದ ಆ ನೆಲಕ್ಕೆ ಲಾರಿಗಟ್ಟಲೆ ಒಡೆದ ಇಟ್ಟಿಗೆ, ಸಿಮೆಂಟ್ ಹೆಂಟೆ ತಂದು ಸುರಿಯುತ್ತಿದ್ದರು. ಅರ್ಧ ಜಾಗ ಆಗಲೇ ಮುಚ್ಚಿಹೋಗಿತ್ತು. ಇಲಾಖೆಗೆ ಹೋದರೆ "ಫಂಡ್ ಇಲ್ಲಮ್ಮ", ನಗರಸಭೆಗೆ ಹೋದರೆ "ನೋಡೋಣಮ್ಮ". ತಿರುಗಿ ತಿರುಗಿ ಮೈತ್ರಿಯ ಚಪ್ಪಲಿ ಸವೆಯಿತೇ ಹೊರತು ಒಂದು ಕಲ್ಲುಕಂಬವನ್ನೂ ಯಾರೂ ನೆಡಲಿಲ್ಲ. ಕೊನೆಗೆ ಬಾಗಿಲು ತೆರೆದದ್ದು ಈ ಟ್ರಸ್ಟು. ಬೇಲಿ, ನೀರಿನ ತೊಟ್ಟಿ, ಗಿಡ, ಮಕ್ಕಳಿಗೆ ಕಾಡು ತೋರಿಸಲು ಬಸ್ಸು. ಇವತ್ತಿನ ಪಾಠ ನೋಡಿ, ನಾಲ್ಕು ಫೋಟೋ ತೆಗೆಸಿ, ವಿಮಲಾ ಒಳ್ಳೆಯ ವರದಿ ಬರೆದರೆ ಹಣ ಮಂಜೂರು.

ದೊಡ್ಡವರು ಬರುತ್ತಾರೆಂದ ಮೇಲೆ ಹೆಡ್‌ಮಾಸ್ಟರ್ ರಾಮಪ್ರಸಾದರು ಸುಮ್ಮನಿರುತ್ತಾರೆಯೇ? ಒಬ್ಬ ಹುಡುಗನೂ ಬರಿಗಾಲಲ್ಲಿ ಬರಕೂಡದು, ಸ್ಕೂಲಿನ ಮಾನದ ಪ್ರಶ್ನೆ ಎಂದು ಕಾಲೊನಿಯ ಮನೆಮನೆಗೂ ಹೇಳಿ ಕಳಿಸಿದ್ದರು. ಗಾರೆ ಕೆಲಸದವರು, ಮನೆಗೆಲಸದವರು, ಸೊಪ್ಪು ಮಾರುವವರು, ಹೇಗೋ ಏನೋ, ಎಲ್ಲರೂ ಮಕ್ಕಳಿಗೆ ಶೂ ತಂದಿದ್ದರು. ಮುಂದಿನ ವರ್ಷಕ್ಕೂ ಆಗಲಿ ಎಂದು ಅಳತೆಗಿಂತ ದೊಡ್ಡದು ತಂದು, ಬೆರಳ ಕಡೆ ಹಳೆ ಬಟ್ಟೆ ತುರುಕಿದ್ದರು. ಬೆಳಗ್ಗೆಯಿಂದ ಮಕ್ಕಳು ತಮ್ಮ ಕಾಲನ್ನೇ ನೋಡಿಕೊಂಡು ನಡೆಯುತ್ತಿದ್ದರು.

"ಬಿಚ್ರೋ, ಮೇಡಂ ಹೇಳ್ತಿರೋದು ಕೇಳಿಸ್ಲಿಲ್ವಾ?" ಎಂದರು ರಾಮಪ್ರಸಾದರು. "ನಿನ್ನೆ ತನಕ ಬರಿಗಾಲಲ್ಲೇ ಕುಣೀತಿದ್ರಿ, ಇವತ್ತೇನು ಎಲ್ರೂ ಮಹಾರಾಜ್ರು ಆಗ್ಬಿಟ್ರಾ?"

"ಬೈಬೇಡಿ ಸಾರ್," ವಿಮಲಾ ನಕ್ಕರು. "ಜಯನಗರದ ಕಾನ್ವೆಂಟ್ ಮಕ್ಕಳು ಫೀಸ್ ಕೊಟ್ಟು ಬರಿಗಾಲಲ್ಲಿ ನಡೆಯೋಕೆ ಬರ್ತಾರೆ ಗೊತ್ತಾ? ನಮ್ಮ ಡೋನರ್ಸ್‌ಗೆ ಮಣ್ಣಿನ ಜೊತೆಗಿನ ಆ ಸಂಬಂಧ ಕಾಣ್ಬೇಕು. ಶೂ ಇದ್ರೆ ಫೋಟೋ ನ್ಯಾಚುರಲ್ ಆಗಿರಲ್ಲ."

ಮುಂದಿನ ಸಾಲಿನ ಶ್ವೇತಾ ಬಗ್ಗಿ ಒಂದು ಶೂ ಬಿಚ್ಚಿದಳು. ಹೊಂಗೆ ಮರದ ಕೆಳಗೆ ಬೇರೆ ಪೋಷಕರ ಜೊತೆ ನಿಂತಿದ್ದ ಅವಳ ತಾತ ವೆಂಕಟಸ್ವಾಮಿ ಅಲ್ಲಿಂದಲೇ ಹೇಳಿದ, "ಬಿಚ್ಬೇಡ ಮಗಾ."

"ಯಾಕೆ ತಾತ?" ವಿಮಲಾ ತಮ್ಮ ಚಪ್ಪಲಿ ಬಿಟ್ಟು ಹಸಿಮಣ್ಣಿಗೆ ಇಳಿದರು. "ನೋಡಿ, ನಾನೂ ಬಿಚ್ಚಿದೀನಿ. ಇದ್ರಲ್ಲಿ ಮೇಲು ಕೀಳು ಏನಿದೆ?"

"ನೀವ್ ಬಿಚ್ತೀರಿ ತಾಯಿ, ಬೇಕಾದಾಗ ಹಾಕ್ಕೊಂತೀರಿ," ಎಂದ ವೆಂಕಟಸ್ವಾಮಿ. ದನಿ ಏರಲಿಲ್ಲ. "ನಾನ್ ಇವಳಷ್ಟು ಇದ್ದಾಗ, ನಮ್ಮೂರಲ್ಲಿ ಮೇಲಿನ ಬೀದಿ ಬಂದ್ರೆ ಕೆರ ಬಿಚ್ಚಿ ಕಂಕುಳಲ್ಲಿ ಇಟ್ಕೊಂಡು ಹೋಗ್ಬೇಕಿತ್ತು. ಒಂದ್ಸಲ ಮರ್ತು ಹಾಕ್ಕೊಂಡೇ ಹೋದೆ. ನಮ್ಮಪ್ಪನ್ನ ಕಂಬಕ್ಕೆ ಕಟ್ಟಿದ್ರು. ಮಣ್ಣು ಬರಿಗಾಲಿಗೆ ಹೆಂಗಿರ್ತದೆ ಅನ್ನೋ ಪಾಠ ನಮಗೆ ಯಾವತ್ತೋ ಆಗೋಗದೆ, ತಾಯಿ."

"ಹಳೇ ಕಥೆ ಬಿಡಯ್ಯ, ಅದೆಲ್ಲ ಈಗ ಎಲ್ಲಿದೆ?" ಎಂದ ರಾಮಪ್ರಸಾದರು ಮೈತ್ರಿಯ ಹತ್ತಿರ ಬಂದು ದನಿ ತಗ್ಗಿಸಿದರು. "ಮೇಡಂ, ಐದು ನಿಮಿಷದ ಕೆಲ್ಸ. ನಿಮ್ಗೆ ಬೇಲಿ ಬೇಕೋ ಬೇಡ್ವೋ? ನಾಳೆ ಲಾರಿ ಬಂದ್ರೆ ಈ ಮುದುಕ ಅಡ್ಡ ಮಲಗ್ತಾನಾ?"

ಬೇಲಿ ಬೇಕಿತ್ತು. ಬೇಲಿಯಿಲ್ಲದಿದ್ದರೆ ಬರುವ ವರ್ಷಕ್ಕೆ ಈ ಜಾಗವೇ ಇರುವುದಿಲ್ಲ ಎಂಬುದು ಮೈತ್ರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ತಾನು ಒಂದು ಮಾತು ಹೇಳಿದರೆ ಮಕ್ಕಳು ಬಿಚ್ಚುತ್ತಾರೆ. ವೆಂಕಟಸ್ವಾಮಿಯೂ ತಲೆಯಾಡಿಸಿ ಸುಮ್ಮನಾಗುತ್ತಾನೆ. ಟೀಚರಮ್ಮ ಹೇಳಿದ್ರೆ ಸರಿ ಇರ್ತದೆ ಅನ್ನುವ ಜನ ಅವರು. ಅದೇ ಅವಳನ್ನು ಚುಚ್ಚಿತು. ಶ್ರೀನಗರದ ಅವಳ ಮನೆಯಲ್ಲಿ ಅಪ್ಪ ಇವತ್ತಿಗೂ ಅಡುಗೆಮನೆಗೆ ಕೂಡ ಚಪ್ಪಲಿ ಹಾಕಿಕೊಂಡೇ ಬರುತ್ತಾರೆ. ಯಾಕೆಂದು ಮನೆಯಲ್ಲಿ ಯಾರೂ ಕೇಳಿದ್ದಿಲ್ಲ.

ಅವಳು ಹೋಗಿ ಶ್ವೇತಾಳ ಮುಂದೆ ಹಸಿಮಣ್ಣಿನಲ್ಲಿ ಮೊಣಕಾಲೂರಿದಳು. ಶೂ ಒಳಗಿಂದ ಜಾರಿ ಬಿದ್ದಿದ್ದ ಬಟ್ಟೆ ಚೂರನ್ನು ಮತ್ತೆ ತುರುಕಿ, ಹುಡುಗಿಯ ಪಾದಕ್ಕೆ ಅಂಟಿದ್ದ ಮಣ್ಣನ್ನು ಸೆರಗಿನಿಂದ ಒರೆಸಿ, ಶೂ ತೊಡಿಸಿ ಲೇಸು ಬಿಗಿದಳು. ಟ್ರಸ್ಟಿನ ಫೋಟೋಗ್ರಾಫರ್ ಕ್ಯಾಮೆರಾ ಎತ್ತಿದ. ವಿಮಲಾ ಬೇಡವೆಂದು ಕೈ ಮಾಡಿದರು. "ಮುಗೀತು," ಎಂದರು ರಾಮಪ್ರಸಾದರು, ಯಾರಿಗೂ ಅಲ್ಲದ ಹಾಗೆ.

ವಿಮಲಾ ಫೈಲು ತೆರೆದು ಪೆನ್ನು ಹಿಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. "ಹೀಗಾದ್ರೆ ನಮ್ಮ ಬೋರ್ಡ್‌ನವರು ಒಪ್ಪಲ್ಲ ಮೈತ್ರಿ ಮೇಡಂ. ನೀವೇ ಹೇಳಿ, ರಿಪೋರ್ಟಲ್ಲಿ ಏನಂತ ಬರೀಲಿ ನಾನು?"

ಮೈತ್ರಿ ಕೂತಲ್ಲಿಂದ ಏಳಲಿಲ್ಲ.

"ಮಕ್ಕಳು ಶೂ ಹಾಕ್ಕೊಂಡಿದ್ರು ಅಂತ ಬರೀರಿ."