ಮಾಡಿನ ಮೇಲಿನ ಮಾತು

ಒಂದೂರಲ್ಲಿ ಒಬ್ಬ ಗಂಡ, ಒಬ್ಬಳು ಹೆಂಡತಿ. ಅವರಿಬ್ಬರ ನಡುವಿನ ಮಾತೆಲ್ಲ ಸತ್ತು ಎರಡೇ ಎರಡು ಬದುಕಿ ಉಳಿದಿದ್ದವು. ಸಂಜೆಯಾದರೆ ಗಂಡ ಹಂಚಿನ ಮಾಡು ಹತ್ತಿ, ಆಂಟೆನಾ ತಿರುಗಿಸುತ್ತ "ಬಂತಾ?" ಎನ್ನುವನು. ಹೆಂಡತಿ ಟಿವಿ ನೋಡಿ ಕಿಟಕಿಯಿಂದ "ಇಲ್ಲ" ಎನ್ನುವಳು, ಇಲ್ಲವೇ "ಬಂತು" ಎನ್ನುವಳು. ಅಷ್ಟೆ. ಅಜ್ಜಿ ಹೇಳುವ ಕಥೆಯಾಗಿದ್ದರೆ ಇಂಥ ಮನೆಗೆ ಕುದುರೆ ಏರಿ ರಾಜಕುಮಾರ ಬರಬೇಕಿತ್ತು. ಬಂದವಳು ಡಿಶ್ ಅಂಗಡಿಯ ಪ್ರೇಕ್ಷಾ, ಹಳೇ ಸ್ಕೂಟಿಯ ಮೇಲೆ.

ಗುಡ್ಡದ ಗೋಪುರದಿಂದ ಬರುತ್ತಿದ್ದ ಹಳೆಯ ಪ್ರಸಾರ ನಿಲ್ಲುತ್ತದೆಂದು ತಿಳಿದಾಗಿನಿಂದ ಪ್ರೇಕ್ಷಾ ಕೋಡಿಬಾಗದ ಆಂಟೆನಾ ಮನೆಗಳಿಗೆಲ್ಲ ಡಿಶ್ ಕೂರಿಸಿ, ಸೆಟ್‌ಟಾಪ್ ಬಾಕ್ಸ್ ಹಾಕಿ, ರಿಮೋಟು ಒತ್ತಲು ಕಲಿಸಿ ಮುಗಿಸಿದ್ದಳು. ಉಳಿದದ್ದು ಈ ಹೆಂಡತಿ ಬೊಮ್ಮಿಯ ಮನೆಯೊಂದೇ. ಹೋದಾಗಲೆಲ್ಲ ಬೊಮ್ಮಿಯದೊಂದು ನೆಪ: ಒಮ್ಮೆ ಅಮಾಸೆ, ಒಮ್ಮೆ ತಲೆನೋವು, ಒಮ್ಮೆ ಬೆಕ್ಕು ಮರಿ ಹಾಕಿದೆ. ನಿನ್ನೆ ಪ್ರಸಾರ ನಿಂತೇಹೋಯಿತು. ಬೊಮ್ಮಿಯ ಗಂಡ ದೇವಿದಾಸ ಮರಾಠಿ ನಾಟಕಕ್ಕೆಂದು ಗೋವೆ ಬದಿಗೆ ತಿರುಗಿಸಿದ, ಕನ್ನಡ ವಾರ್ತೆಗೆಂದು ಗುಡ್ಡದ ಬದಿಗೆ ತಿರುಗಿಸಿದ. ಪರದೆ ತುಂಬ ಇರುವೆ ಹರಿದಂಥ ಚುಕ್ಕಿಗಳೇ.

"ಇವತ್ತು ಕತ್ತಲಾಗೂದ್ರೊಳಗೆ ಚಿತ್ರ ತರಿಸಿಕೊಟ್ಟೇ ಹೋಗ್ತೆ ಬೊಮ್ಮಕ್ಕ, ಆಣೆ," ಎಂದು ಪ್ರೇಕ್ಷಾ ಏಣಿ ಹತ್ತಿ, ಆಂಟೆನಾ ಬಿಚ್ಚಿ, ಅದೇ ಪೈಪಿಗೆ ಡಿಶ್ ಸಿಕ್ಕಿಸಿ ಇಳಿದಳು. ತಿರುಗಿಸಿ ದಿಕ್ಕು ಹಿಡಿಯುವುದಷ್ಟೇ ಬಾಕಿ.

"ಈ ಮನೆ ಮಾಡಿನ ಮೇಲೆ ತಿರುಗಿಸೂದು ನಾನು," ದೇವಿದಾಸ ಪಂಚೆ ಎತ್ತಿ ಕಟ್ಟಿದ.

"ಅವ್ರ ಹತ್ರ ಹೇಳು ತಂಗಿ, ಮೊಣಕಾಲು ನೋವದೆ, ಹತ್ತೂದು ಬೇಡ ಅಂತ," ಬೊಮ್ಮಿ ಹೇಳಿದಳು. ಅವನು ಅವಳ ಪಕ್ಕದಲ್ಲೇ ನಿಂತಿದ್ದ.

"ಅವಳ ಹತ್ರ ಹೇಳು, ಮೊಣಕಾಲು ನಂದು ಅಂತ."

"ನಾನೆಂತ ಟೆಲಿಫೋನಾ?" ಪ್ರೇಕ್ಷಾ ನಕ್ಕಳು. ಬೇರೆ ಯಾರೂ ನಗಲಿಲ್ಲ. ದೇವಿದಾಸ ಏಣಿ ಹತ್ತಿದ.

ಒಳಗೆ ಟಿವಿಯ ಪಕ್ಕ ದೇವರ ಗೂಡು. ಅದರಲ್ಲೊಂದು ತೆಂಗಿನಕಾಯಿ, ಒಣಗಿ ಕಪ್ಪಾಗಿತ್ತು. ಪ್ರೇಕ್ಷಾ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು. ಒಳಗೆ ಕೊಬ್ಬರಿ ಗಿಟುಕು ಗಡಗಡ ಎಂದಿತು.

"ಇದೆಂತ ಬೊಮ್ಮಕ್ಕ, ಒಡೀಲೇ ಇಲ್ವಾ?"

"ಬಾಳೆಗುಳಿಲಿ ನಮ್ಮ ಜಟ್ಟುನ ಹೊಸ ಮನೆ ಒಕ್ಕಲು ಇತ್ತು," ಬೊಮ್ಮಿ ದನಿ ತಗ್ಗಿಸಿದಳು. "ಜಟ್ಟು ಅಂದ್ರೆ ನನ್ನ ತಮ್ಮ. ಊಟದ ಪಂಕ್ತಿಲಿ ಎಲ್ಲರ ಎದುರಿಗೆ ಇವ್ರು ಹೇಳ್ದ್ರು, ಇವಳ ಬಾಯಿ ಒಂದು ದಿನ ನಿಂತ್ರೆ ದೇವರಿಗೆ ಕಾಯಿ ಒಡೀತೆ ಅಂತ. ನನ್ನ ತವರಿನವ್ರೇ ಬಿದ್ದು ಬಿದ್ದು ನಕ್ಕರು. ಮನೆಗೆ ಬಂದೆ, ನಿಲ್ಲಿಸ್ದೆ."

"ಕಾಯಿ?"

"ತಂದಿಟ್ರು. ಒಡೀಲಿಕ್ಕೆ ಅವ್ರಿಗೆ ಕೈ ಬರ್ಲಿಲ್ಲ. ತಪ್ಪಾಯ್ತು ಅನ್ನಲಿಕ್ಕೆ ಬಾಯಿನೂ ಬರ್ಲಿಲ್ಲ." ಬೊಮ್ಮಿ ಸೆರಗಿನಿಂದ ಟಿವಿಯ ಧೂಳು ಒರೆಸಿದಳು, ಧೂಳಿಲ್ಲದ ಕಡೆಯಲ್ಲೂ. "ಈಗ ನೀ ಬಂದಿ. ಚಂದ ಚಿತ್ರ ತರಿಸ್ತಿ. ಇನ್ನು ಸಂಜೆ ಮಾಡು ಹತ್ತೂದು ಯಾರಿಗೆ ಬೇಕು, ಹೇಳು?"

ಪ್ರೇಕ್ಷಾಳಿಗೆ ಅಮಾಸೆ, ತಲೆನೋವು, ಬೆಕ್ಕಿನ ಮರಿ ಎಲ್ಲ ಒಟ್ಟಿಗೇ ಅರ್ಥವಾದವು.

"ಬಂತಾ?" ಮೇಲಿಂದ ದನಿ.

"ಇಲ್ಲ."

ಪರದೆಯ ಮೇಲಿನ ಸಿಗ್ನಲ್ ಪಟ್ಟಿ ಮೆಲ್ಲಗೆ ತುಂಬಿ ಹಸಿರಾಯಿತು. ಫಕ್ಕನೆ ಚಿತ್ರ. ವಾರ್ತೆ ಓದುವವಳ ಮೂಗುತಿಯ ಹರಳೂ ಹೊಳೆಯುವಷ್ಟು ನಿಚ್ಚಳ.

"ಈಗ ಬಂತಾ?"

ಬೊಮ್ಮಿ ಆ ಹರಳನ್ನೇ ನೋಡುತ್ತ, "ಇಲ್ಲ," ಎಂದಳು.

ಅವನು ತಿರುಗಿಸಿದ, ಚಿತ್ರ ಹೋಯಿತು. ಮತ್ತೆ ತಿರುಗಿಸಿದ, ಬಂತು. ಮತ್ತೆ "ಇಲ್ಲ". ಕಾಳಿ ನದಿಯ ಮೇಲಿನ ಬೆಳಕು ಕಂದುತ್ತಿತ್ತು. ತಾನಿಟ್ಟ ಆಣೆ ನೆನಪಾಗಿ ಪ್ರೇಕ್ಷಾ ಸ್ಪ್ಯಾನರನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಳು. ಬಂತು ಎಂದು ತಾನೇ ಕೂಗಿಬಿಟ್ಟರೆ ಕೆಲಸ ಮುಗಿಯುತ್ತದೆ. ಆಮೇಲೆ ಈ ಮನೆಯಲ್ಲಿ ಮಾತಾಡುವುದು ಟಿವಿ ಮಾತ್ರ.

ಅಷ್ಟರಲ್ಲಿ ಮಾಡಿನ ಮೇಲೆ ಹಂಚೊಂದು ಪಟ್ಟನೆ ಮುರಿಯಿತು. ಚೂರು ಜಾರಿ ಅಂಗಳಕ್ಕೆ ಬಿತ್ತು. ಮೇಲಿಂದ ಸದ್ದಿಲ್ಲ.

ಬೊಮ್ಮಿ ಅಂಗಳದಲ್ಲಿದ್ದಳು. ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. "ಹೋಯ್! ಬಿದ್ರಾ? ಪೈಪು ಬಿಡ್ಬೇಡಿ! ಚಿತ್ರ ಬಂತು, ಬಂದು ಎಷ್ಟೋ ಹೊತ್ತಾಯ್ತು, ಇಳೀರಿ ಕಾಣ್ವಾ! ಎಡಗಾಲು... ಅಲ್ಲಲ್ಲ, ಅದು ಎಡಗಾಲಾ? ಇಷ್ಟು ವಯಸ್ಸಾಯ್ತು, ಎಡ ಬಲ ತಿಳಿಯೂದಿಲ್ಲ! ರಾತ್ರಿ ನೋವು ಅಂತ ನರಳಿದ್ರೆ ಎಣ್ಣೆ ತಿಕ್ಕೂದು ಯಾರು? ನಿಮ್ಮ ಡಿಶ್ ತಿಕ್ತದ್ಯಾ?"

ದೇವಿದಾಸ ಏಣಿಯ ಮೆಟ್ಟಿಲಿಗೆ ಕಾಲಿಟ್ಟಿದ್ದ. ಇಳಿಯುವುದು ಮರೆತು ಅಲ್ಲೇ ನಿಂತು ಕೇಳಿಸಿಕೊಂಡ.

"ಮತ್ತೆಂತ ನೋಡ್ತಾ ಇದ್ರಿ? ಇಳೀರಿ, ಚಾ ಇಡ್ತೆ!"

ಅವನು ಇಳಿದ ಮೇಲೆ ಪ್ರೇಕ್ಷಾ ಹತ್ತಿದಳು. ಡಿಶ್ಶನ್ನು ದಿಕ್ಕಿಗೆ ನಿಲ್ಲಿಸಿ ನಟ್ಟನ್ನು ಗಟ್ಟಿಯಾಗಿ ಬಿಗಿದಳು. ಮೇಲಿಂದ ನೋಡಿದರೆ ದೇವಿದಾಸ ದೇವರ ಗೂಡಿನ ಕಾಯಿ ಹಿಡಿದುಕೊಂಡು ಹೊರಗೆ ಬರುತ್ತಿದ್ದ. ಬೊಮ್ಮಿಯ ಬೈಗುಳ ಮುರಿದ ಹಂಚಿನ ವಿಷಯಕ್ಕೆ ಬಂದಿತ್ತು. ಅವನು ಮೆಟ್ಟಿಲ ಕಲ್ಲಿಗೆ ಕಾಯಿ ಒಡೆದ. ನೀರು ಬರಲಿಲ್ಲ. ಗಿಟುಕು ಎರಡು ಹೋಳಾಗಿ ಉರುಳಿತು. ಅವನು ಒಂದು ಚೂರು ಮುರಿದು ಅವಳ ಕಡೆ ಚಾಚಿದ.

ಬೊಮ್ಮಿ ಇಸಿದುಕೊಂಡು ಬಾಯಿಗೆ ಹಾಕಿಕೊಂಡಳು. ಅಗಿಯುತ್ತಲೇ ಬೈದಳು.